ಮರದ ಮೇಲಿನ ಸಾಕ್ಷಿ

ಸಣ್ಣತಿಮ್ಮಯ್ಯನಿಗೆ ಹದಿನಾಲ್ಕನೆಯ ಸಮನ್ಸು ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ರಾಗಿರೊಟ್ಟಿ ಇನ್ನೂ ಬಾಯಲ್ಲಿರುವಾಗ. ತಂದ ಪೊಲೀಸಿನವನು ಹೊಸಬ. ಹೊಸಬನಾದರೂ ಮನೆ ಯಾವುದೆಂದು ಯಾರನ್ನೂ ಕೇಳದೆ ನೆಟ್ಟಗೆ ಬಾಗಿಲಿಗೇ ಬಂದ, 'ಯಜಮಾನ್ರೇ' ಎಂದು ಕರೆದ, ಕೊಟ್ಟ ನೀರು ಕುಡಿದು ಲೋಟವನ್ನು ತಾನೇ ಜಗಲಿಯ ಮೇಲಿಟ್ಟು ಹೋದ. ಪೊಲೀಸರು ಮರ್ಯಾದೆ ಕೊಟ್ಟರೆ ಸಣ್ಣತಿಮ್ಮಯ್ಯನಿಗೆ ಅನುಮಾನ ಬರುತ್ತಿತ್ತು. ಬೈದುಕೊಂಡು ಕೊಡುವ ಸಮನ್ಸಿನಲ್ಲಿ ಮೋಸವಿರುವುದಿಲ್ಲ ಎಂದು ಒಂಬತ್ತು ವರ್ಷದಲ್ಲಿ ಅವನು ಕಲಿತಿದ್ದ.

ಕೇಸು ಇದ್ದದ್ದು ಮಲ್ಲಿಕಾರ್ಜುನಯ್ಯನವರ ಮೇಲೆ. ಎರಡು ಸಲ ಶಾಸಕರು, ಒಂದು ಸಲ ಹದಿನೆಂಟು ತಿಂಗಳ ಮಂತ್ರಿ. ಒಂಬತ್ತು ವರ್ಷದ ಹಿಂದೆ ಹೊನ್ನವಳ್ಳಿ ರಸ್ತೆಯಲ್ಲಿ, ಹಾಡುಹಗಲಲ್ಲಿ, ಅವರ ಕಾರು ಹೊಂಬಾಳಮ್ಮನ ಮಗಳು ಸೌಂದರ್ಯಳ ಸ್ಕೂಟರಿಗೆ ಗುದ್ದಿತು. ಹುಡುಗಿ ತಿಪಟೂರಿನ ಕಾಲೇಜಿನಿಂದ ಮನೆಗೆ ಬರುತ್ತಿದ್ದವಳು, ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡಳು. ಕಾರು ಓಡಿಸುತ್ತಿದ್ದವನು ನಾನೇ ಎಂದು ಡ್ರೈವರ್ ಭೀಮರಾಜು ಅವತ್ತೇ ಸಂಜೆ ಠಾಣೆಗೆ ಹೋಗಿ ಬರೆದುಕೊಟ್ಟ. ಊರು ಅದನ್ನು ನಂಬಲಿಲ್ಲ. ಮಲ್ಲಿಕಾರ್ಜುನಯ್ಯನವರಿಗೆ ತಾವೇ ಗಾಡಿ ಓಡಿಸುವ ಶೋಕಿ ಇತ್ತೆಂಬುದು ತಾಲ್ಲೂಕಿಗೇ ಗೊತ್ತು. ಆದರೆ ಊರಿನ ಅಪನಂಬಿಕೆಯನ್ನು ಕೋರ್ಟಿನವರು ಎತ್ತಿಟ್ಟುಕೊಳ್ಳುವುದಿಲ್ಲ, ಅವರಿಗೆ ಕಣ್ಣಿಂದ ಕಂಡವರು ಬೇಕು. ಕಂಡವನು ಒಬ್ಬನೇ, ಸಣ್ಣತಿಮ್ಮಯ್ಯ. ಗುದ್ದಿದ ಮೇಲೆ ಮಲ್ಲಿಕಾರ್ಜುನಯ್ಯನವರು ಸ್ಟೇರಿಂಗಿನ ಕಡೆಯಿಂದ ಇಳಿದು, ಪಂಚೆ ಎತ್ತಿ ಹಿಡಿದು ಕಾರಿನ ಮುಂದಿನಿಂದ ಬಳಸಿ ಹೋಗಿ ಆಚೆ ಸೀಟಿನಲ್ಲಿ ಕೂತದ್ದನ್ನೂ, ಭೀಮರಾಜು ಹಿಂದಿನಿಂದ ಬಳಸಿ ಬಂದು ಸ್ಟೇರಿಂಗ್ ಹಿಡಿದದ್ದನ್ನೂ ಅವನು ಕಂಡಿದ್ದ. ಮಲ್ಲಿಕಾರ್ಜುನಯ್ಯನವರ ಹಣೆಯ ಮೇಲಿನ ಬೆವರು ಕೂಡ ಅವನಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು. ಅವನ ಈ ಒಂದು ಮಾತಿನ ಮೇಲೆ ಹೊಂಬಾಳಮ್ಮನ ಇಡೀ ನ್ಯಾಯ ನಿಂತಿತ್ತು.

ಆ ಮಾತನ್ನು ಹೇಳುವ ದಿನ ಮಾತ್ರ ಬರಲೊಲ್ಲದು. ಮೊದಲು ಮೇಲಿನ ಕೋರ್ಟಿನಿಂದ ತಡೆ ಬಂತು, ಎರಡೂವರೆ ವರ್ಷ ಹೋಯಿತು. ತಡೆ ತೆರವಾಗುವ ಹೊತ್ತಿಗೆ ದೊಡ್ಡವರ ಕೇಸುಗಳನ್ನೆಲ್ಲ ಬೆಂಗಳೂರಿನ ಬೇರೆ ಕೋರ್ಟಿಗೆ ಕಳಿಸಬೇಕೆಂದಾಯಿತು, ಫೈಲು ಹೋಯಿತು, ಫೈಲಿನ ಅರ್ಧ ಹೋಗಲಿಲ್ಲ. ಆಮೇಲೆ ಆರೋಪಿಗೆ ಎದೆನೋವು, ವಕೀಲರಿಗೆ ಬೇರೆ ಕೇಸು, ಜಡ್ಜ್ ಸಾಹೇಬರಿಗೆ ವರ್ಗ. ಹದಿಮೂರು ಸಲ ಸಣ್ಣತಿಮ್ಮಯ್ಯ ಒಗೆದ ಅಂಗಿ ಹಾಕಿಕೊಂಡು ಬೆಳಗಿನ ರೈಲು ಹತ್ತಿ ಹೋಗಿ, ಬಾಯಿ ಬಿಡದೆ ಸಂಜೆಯ ರೈಲಿಗೆ ವಾಪಸು ಬಂದಿದ್ದ.

ಇನ್ನೊಂದನ್ನೂ ಅವನು ಗಮನಿಸಿದ್ದ. ಮಲ್ಲಿಕಾರ್ಜುನಯ್ಯನವರ ಪಕ್ಷ ಅಧಿಕಾರದಲ್ಲಿದ್ದಾಗ ಸಮನ್ಸು ಬರುತ್ತಲೇ ಇರಲಿಲ್ಲ. ಎದುರು ಪಕ್ಷದವರು ಬಂದ ತಕ್ಷಣ ಕೇಸಿಗೆ ಜೀವ ಬರುತ್ತಿತ್ತು. ಆಗ ಆ ಪಕ್ಷದ ಹುಡುಗರು ಮನೆಗೇ ಬಂದು, ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆ, ಹೆದರಬೇಡಿ, ನಾವಿದ್ದೇವೆ ಎನ್ನುತ್ತಿದ್ದರು. ಸೌಂದರ್ಯಳ ಹೆಸರು ಕೇಳಿದರೆ ಅವರಲ್ಲಿ ಅರ್ಧ ಜನಕ್ಕೆ ಯಾರೆಂದು ಗೊತ್ತಿರಲಿಲ್ಲ. ಅವರ ಕಾರನ್ನು ಅವನು ಒಂದು ಸಲವೂ ಹತ್ತಲಿಲ್ಲ.

ಹೀಗೆ ಎರಡೂ ಕಡೆಯವರನ್ನು ಅನುಮಾನಿಸಿ ಅನುಮಾನಿಸಿ ಅದೊಂದು ಚಟವೇ ಆಗಿಹೋಯಿತು. ಟೀ ಅಂಗಡಿಯ ಗೋಡೆಯಲ್ಲಿ ಮಲ್ಲಿಕಾರ್ಜುನಯ್ಯನವರ ಕ್ಯಾಲೆಂಡರು ಕಂಡ ದಿನದಿಂದ ಅಲ್ಲಿ ಟೀ ಕುಡಿಯುವುದು ಬಿಟ್ಟ. ಹೆಂಡತಿ ಪುಟ್ಟಗಂಗಮ್ಮನನ್ನು ಸ್ತ್ರೀಶಕ್ತಿ ಸಂಘದವರು ಧರ್ಮಸ್ಥಳಕ್ಕೆ ಕರೆದುಕೊಂಡು ಹೋದಾಗ, ಬಸ್ಸು ಯಾರು ಮಾಡಿಸಿದ್ದು, ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಮೂರು ದಿನ ವಿಚಾರಣೆ ಮಾಡಿದ. ನಿನ್ನನ್ನೇ ಜಡ್ಜ್ ಮಾಡಿದ್ದರೆ ಕೇಸು ಇಷ್ಟೊತ್ತಿಗೆ ಮುಗಿದಿರುತ್ತಿತ್ತು ಎಂದು ಅವಳು ಒಲೆಯ ಮುಂದೆ ಕೂತೇ ಅಂದಳು.

ಈ ಚಟಕ್ಕೆ ನಿಜವಾಗಿ ಬಲಿಯಾದವನು ದುರ್ಗಯ್ಯ. ಸಣ್ಣತಿಮ್ಮಯ್ಯ ತೆಂಗಿನ ಮರ ಹತ್ತುವವನಾದರೆ ದುರ್ಗಯ್ಯ ಕೆಳಗೆ ಕಾಯಿ ಆಯ್ದು ಗುಡ್ಡೆ ಹಾಕುವವನು, ಇಪ್ಪತ್ತು ವರ್ಷದ ಜೋಡಿ. ಆರು ವರ್ಷದ ಹಿಂದೆ ಒಂದು ದಿನ ದುರ್ಗಯ್ಯ ಮಲ್ಲಿಕಾರ್ಜುನಯ್ಯನವರ ತೋಟದ ಮನೆಯ ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದುದನ್ನು ಸಣ್ಣತಿಮ್ಮಯ್ಯ ರಸ್ತೆಯಿಂದ ನೋಡಿದ. ಯಾಕೆ ಹೋಗಿದ್ದೆ ಎಂದು ಕೇಳಲಿಲ್ಲ. ಮಾರನೆಯ ದಿನದಿಂದ ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದ, ಅಷ್ಟೆ. ದುರ್ಗಯ್ಯ ಎರಡು ತಿಂಗಳು ಕಾದು, ಬೇರೆ ಕೆಲಸವಿಲ್ಲದೆ, ಅದೇ ತೋಟಕ್ಕೆ ಆಳಾಗಿ ಸೇರಿಕೊಂಡ. ನೋಡಿದ್ಯಾ, ನಾನು ಅಂದುಕೊಂಡದ್ದೇ ಆಯಿತು ಎಂದು ಸಣ್ಣತಿಮ್ಮಯ್ಯ ಹೆಂಡತಿಗೆ ಹೇಳಿದ.

ದುರ್ಗಯ್ಯನ ಬಗ್ಗೆ ಅಷ್ಟು ಭಯಪಡಲು ಕಾರಣವಿತ್ತು. ಸಣ್ಣತಿಮ್ಮಯ್ಯನ ಹೇಳಿಕೆಯಲ್ಲಿ ಒಂದು ಸುಳ್ಳಿತ್ತು, ಅದು ಗೊತ್ತಿದ್ದವನು ದುರ್ಗಯ್ಯ ಒಬ್ಬನೇ.

ದೋಟಿಯ ಕೋಲಿಗೆ ಎಟುಕುವ ಮರದಲ್ಲಿ ಕಾಯಿಯನ್ನು ಯಾರು ಬೇಕಾದರೂ ಕೀಳುತ್ತಾರೆ. ತಾತಂದಿರ ಕಾಲದ ಎತ್ತರದ ಮರಗಳಿಗೆ ಸಣ್ಣತಿಮ್ಮಯ್ಯನೇ ಬೇಕು. ಹಾಗೆ ಹತ್ತುವವರಿಗೆ ಒಂದು ಕಟ್ಟಳೆ ಉಂಟು. ಹತ್ತುವ ಮುಂಚೆ ಗಟ್ಟಿಯಾಗಿ ಕೂಗಿ ಹೇಳಬೇಕು, ಸುತ್ತಲ ಹಿತ್ತಿಲುಗಳಲ್ಲಿ ಸೂರಿಲ್ಲದ ಬಚ್ಚಲಿನಲ್ಲಿರುವ ಹೆಂಗಸರು ಒಳಗೆ ಹೋಗಲಿ ಎಂದು. ಮೇಲೆ ಹೋದ ಮೇಲೆ ಕಣ್ಣಿಗೆ ಏನೇ ಬಿದ್ದರೂ, ಇಳಿದ ಮೇಲೆ ಅದನ್ನು ಆಡಬಾರದು. ಯಾರ ಹಿತ್ತಿಲಿಗೆ ಯಾರು ಬಂದರು, ಯಾರು ಯಾರನ್ನು ಹೊಡೆದರು, ಒಂದು ಮಾತು ಹೊರಗೆ ಬಿದ್ದರೂ ಸಾಕು, ಆಮೇಲೆ ಯಾವ ತೋಟದವರೂ ಅವನನ್ನು ಮರ ಮುಟ್ಟಗೊಡುವುದಿಲ್ಲ. ಅಪಘಾತವಾದ ಹೊತ್ತಿನಲ್ಲಿ ಅವನು ರಸ್ತೆಯ ಪಕ್ಕ ರಂಗರಾಜು ಅವರ ತೋಟದ ಅತಿ ಎತ್ತರದ ಮರದ ಸುಳಿಯ ಹತ್ತಿರ ಇದ್ದ, ಬುಡದಲ್ಲಿ ದುರ್ಗಯ್ಯ ಇದ್ದ.

ಅದಕ್ಕೇ ಮೊದಲ ಮೂರು ದಿನ ಬಾಯಿ ಬಿಟ್ಟಿರಲಿಲ್ಲ. ಆದರೆ ಹೊಂಬಾಳಮ್ಮ ಠಾಣೆಯ ಮುಂದಿನ ಮಣ್ಣಿನಲ್ಲಿ ಮಗಳ ಚಪ್ಪಲಿ ಇಟ್ಟುಕೊಂಡು ಕೂತದ್ದನ್ನು ನೋಡಿದಾಗ ಅವನ ಕರುಳು ಕಿತ್ತು ಬಂತು. ಒಳಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದ. ಎಲ್ಲಿ ನಿಂತಿದ್ದೆ ಎಂದು ಸಬ್ ಇನ್‌ಸ್ಪೆಕ್ಟರು ಕೇಳಿದಾಗ ಮಾತ್ರ ಕಸುಬು ನಾಲಿಗೆ ಹಿಡಿಯಿತು. ತೋಟದ ಮೋಟಾರ್ ಮನೆ ಪಕ್ಕ ನಿಂತಿದ್ದೆ ಸ್ವಾಮಿ, ಒಬ್ಬನೇ ಇದ್ದೆ ಎಂದ. ಮೋಟಾರ್ ಮನೆಗೂ ರಸ್ತೆಗೂ ನಡುವೆ ಆಳೆತ್ತರದ ಕಾಂಪೌಂಡ್ ಗೋಡೆ ಇತ್ತು. ಅಲ್ಲಿ ನಿಂತವನಿಗೆ ರಸ್ತೆಯಲ್ಲಿ ಆನೆ ಹೋದರೂ ಕಾಣುತ್ತಿರಲಿಲ್ಲ. ಸಬ್ ಇನ್‌ಸ್ಪೆಕ್ಟರು ಅದನ್ನು ಹೋಗಿ ನೋಡಲಿಲ್ಲ, ಬರೆದುಕೊಂಡರು.

ಬುಧವಾರ ಸಣ್ಣತಿಮ್ಮಯ್ಯ ಆ ಜಾಗ ನೋಡಿಬರಲು ಹೋದ. ವರ್ಷದಿಂದ ಆ ಕಡೆ ಹೋಗಿರಲಿಲ್ಲ. ರಸ್ತೆ ಅಗಲ ಮಾಡುವವರು ಅಷ್ಟರಲ್ಲಿ ರಂಗರಾಜು ಅವರ ತೋಟದ ಎರಡು ಸಾಲು ಮರ ಉರುಳಿಸಿದ್ದರು. ಅವನು ಹತ್ತಿದ್ದ ಮರವಿರಲಿ, ಅದರ ಬುಡವೂ ಇರಲಿಲ್ಲ, ಮೇಲೆ ಜಲ್ಲಿ ಸುರಿದಿತ್ತು. ಗೋಡೆಯೂ ಹೋಗಿತ್ತು. ಮೋಟಾರ್ ಮನೆ ಒಂದೇ ಉಳಿದಿತ್ತು, ಅದರ ಪಕ್ಕ ನಿಂತರೆ ರಸ್ತೆ ಈ ತುದಿಯಿಂದ ಆ ತುದಿಗೆ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಅವನಿಗೆ ನಗು ಬಂತು. ಅವನ ಸುಳ್ಳಿಗೆ ಈಗ ಸರ್ಕಾರವೇ ಜಾಗ ಮಾಡಿಕೊಟ್ಟಿತ್ತು. ನಿಜ ಹೇಳಿದರೆ ತೋರಿಸಲು ಮಾತ್ರ ಒಂದು ಮರವೂ ಇರಲಿಲ್ಲ.

ಅಲ್ಲಿ ಅವನೊಬ್ಬನೇ ಇರಲಿಲ್ಲ. ಇಬ್ಬರು ಪ್ಯಾಂಟಿನವರು ಮೋಟಾರ್ ಮನೆಯಿಂದ ರಸ್ತೆಯ ಫೋಟೋ ತೆಗೆಯುತ್ತಿದ್ದರು. ಅವರಿಗೆ ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು ನಿಂತಿದ್ದವನು ದುರ್ಗಯ್ಯ. ಸಣ್ಣತಿಮ್ಮಯ್ಯ ಬೇಲಿಯ ಮರೆಯಲ್ಲೇ ನಿಂತು ನೋಡಿದ. ಆಯಿತು, ಗೋಡೆಯ ವಿಷಯ ಇವನು ಧಣಿಯ ಕಡೆಯವರಿಗೆ ಹೇಳಿಬಿಟ್ಟ ಎಂದುಕೊಂಡ. ಗೋಡೆ ಇದ್ದಾಗಿನ ಹಳೆಯ ಫೋಟೋ ಎಲ್ಲೋ ಸಿಕ್ಕಿರಬೇಕು, ಕಟಕಟೆಯಲ್ಲಿ ನನ್ನ ಬಾಯಿಂದ ಮೋಟಾರ್ ಮನೆ ಎನ್ನಿಸಿ, ಆಮೇಲೆ ಗೋಡೆ ತೋರಿಸಿ ಕೆಡವುತ್ತಾರೆ.

ಗುರುವಾರ ಬೆಳಿಗ್ಗೆ ತಡೆಯಲಾರದೆ ದುರ್ಗಯ್ಯನನ್ನು ಹುಡುಕಿಕೊಂಡು ಹೋದ. ಹೋಗಬೇಕಾಗಿದ್ದು ಮಲ್ಲಿಕಾರ್ಜುನಯ್ಯನವರ ತೋಟಕ್ಕೇ. ಗೇಟಿನ ಹತ್ತಿರ ಎರಡು ಸಲ ಹಿಂದೆ ಮುಂದೆ ನೋಡಿ ಒಳಗೆ ನುಗ್ಗಿದ. ದುರ್ಗಯ್ಯ ಅಟ್ಟದಿಂದ ಇಳಿಸಿದ ಒಣಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕಡಕಡ ಎಂದವನ್ನು ಒಂದು ಕಡೆ ಹಾಕುತ್ತಿದ್ದ. ತಲೆ ಎತ್ತಿ ನೋಡಿದ, ಅಲ್ಲಾಡಿಸುವುದನ್ನು ನಿಲ್ಲಿಸಲಿಲ್ಲ. ಆರು ವರ್ಷದ ಮೇಲೆ ಮಾತಿಗೆ ಬಂದ ಗೆಳೆಯನನ್ನು ಕೂತುಕೋ ಎಂದೂ ಹೇಳಲಿಲ್ಲ.

ಸಣ್ಣತಿಮ್ಮಯ್ಯ ಪೀಠಿಕೆ ಹಾಕಲಿಲ್ಲ. ನಿನ್ನೆ ಬಂದವರಿಗೆ ಏನು ಹೇಳಿದೆ ಎಂದು ಕೇಳಿದ.

"ನಾನೇನೂ ಹೇಳಿಲ್ಲ ಕಣ್ಲಾ. ಟೇಪ್ ಹಿಡ್ಕೊ ಅಂದ್ರು, ಹಿಡ್ಕೊಂಡೆ. ಅವ್ರು ಯಾರ ಕಡೆಯೋರೋ ನಂಗೊತ್ತಿಲ್ಲ. ಒಂಬತ್ತು ವರ್ಷದಿಂದ ಒಬ್ರೂ ನನ್ನ ಕೇಳಿಲ್ಲ. ನೀನೂ ಕೇಳಿಲ್ಲ."

ಸಣ್ಣತಿಮ್ಮಯ್ಯನಿಗೆ ನಾಚಿಕೆಯಾಯಿತು, ಆದರೂ ನಂಬಿಕೆ ಬರಲಿಲ್ಲ. ನಾನು ಮರದ ಮೇಲಿದ್ದೆ ಎಂದು ನಿಮ್ಮ ಧಣಿಗೆ ಹೇಳಿಲ್ಲವೇ ಎಂದು ಇನ್ನೊಮ್ಮೆ ಕೆಣಕಿದ. ದುರ್ಗಯ್ಯ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ.

"ಹೇಳೋದಾಗಿದ್ರೆ ಮರದ್ದಲ್ಲ ಕಣ್ಲಾ, ಇನ್ನೊಂದ್ ಹೇಳ್ತಿದ್ದೆ. ಅವತ್ತು ನೀನು ಮರ ಇಳಿದವ್ನು ನನ್ನ ಮೊದ್ಲು ಏನ್ ಕೇಳ್ದೆ, ಗ್ಯಾಪಕ ಐತಾ?"

ಜ್ಞಾಪಕವಿರಲಿಲ್ಲ.

"ಯಾರ ಕಾರ್ಲಾ ಅದು, ಅಂತ ಕೇಳ್ದೆ. ರಸ್ತೆಗೆ ಓಡೋಗಿ ನೋಡ್ಕೊಂಡ್ ಬಂದು ಮಲ್ಲಿಕಾರ್ಜುನಯ್ಯಂದು ಅಂತ ನಾನೇ ಹೇಳ್ದೆ. ನಾನ್ ಹೇಳೋ ಗಂಟ ನಿಂಗೆ ಗೊತ್ತಿರ್ಲಿಲ್ಲ."

ಸಣ್ಣತಿಮ್ಮಯ್ಯ ಅದನ್ನು ಸುಳ್ಳು ಎಂದ. ಗಟ್ಟಿಯಾಗಿಯೇ ಎಂದ. ಧಣಿಯ ಮಜ್ಜಿಗೆ ಮಾತಾಡಿಸುತ್ತಿದೆ ಎಂದೂ ಅಂದ. ದುರ್ಗಯ್ಯ ಮತ್ತೆ ಕಾಯಿಗೆ ಕೈ ಹಾಕಿದ. ಆದರೆ ಮನೆಯ ದಾರಿಯಲ್ಲಿ ನಡೆಯುತ್ತ ನಡೆಯುತ್ತ ಸಣ್ಣತಿಮ್ಮಯ್ಯನಿಗೆ ಆ ಮಾತು ನಿಜವಾಗಿ ತನ್ನ ದನಿಯಲ್ಲೇ ಕೇಳಿಸತೊಡಗಿತು. ಯಾರ ಕಾರ್ಲಾ ಅದು. ತೊಡೆಯಲ್ಲಿ ಮರದ ತರಚು ಉರಿಯುತ್ತಿತ್ತು, ಉಸಿರು ಏರಿತ್ತು, ಕೇಳಿದ್ದ. ಹೌದು, ಕೇಳಿದ್ದ.

ಹಾಗಾದರೆ ಹಣೆಯ ಮೇಲಿನ ಬೆವರು ಎಲ್ಲಿಂದ ಬಂತು? ಅಷ್ಟು ಎತ್ತರದಿಂದ ಬೆವರು ಯಾರಿಗೆ ಕಾಣುತ್ತದೆ? ದಾರಿಯ ಪಕ್ಕದ ಒಂದು ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದ. ಸೋಗೆಯ ಸಂದಿನಿಂದ ಕಾಣುವುದು ಕಾರಿನ ಚಾವಣಿ. ಎರಡು ಬಾಗಿಲು ತೆರೆದವು. ಬಲಗಡೆಯಿಂದ, ಸ್ಟೇರಿಂಗಿನ ಕಡೆಯಿಂದ, ಬಿಳಿ ಪಂಚೆಯವನು ಇಳಿದ. ಅದು ಖಂಡಿತ. ಎಡಗಡೆಯಿಂದ ಪ್ಯಾಂಟಿನವನು ಇಳಿದ. ಇಬ್ಬರೂ ಜಾಗ ಬದಲಾಯಿಸಿಕೊಂಡರು. ಅದೂ ಖಂಡಿತ. ಪಂಚೆಯವನ ಮುಖ ನೋಡಹೋದರೆ ಒಂದು ತಲೆ ಕಾಣುತ್ತಿತ್ತು, ಕಪ್ಪು ಕೂದಲಿನ ಒಂದು ತಲೆ, ಅಷ್ಟೆ. ಅದಕ್ಕೆ ಹೆಸರು ಬಂದದ್ದು ದುರ್ಗಯ್ಯನ ಬಾಯಿಂದ, ಅದರ ಕೆಳಗೆ ಮುಖ ಇಟ್ಟದ್ದು ಆಮೇಲೆ, ಊರೂರಿನ ಫ್ಲೆಕ್ಸುಗಳಲ್ಲಿ ಆ ಮುಖವನ್ನು ಒಂಬತ್ತು ವರ್ಷ ನೋಡಿ ನೋಡಿ ತಾನೇ ಇಟ್ಟದ್ದು. ತಡವಿಲ್ಲದೆ ಒಂಬತ್ತೇ ತಿಂಗಳಲ್ಲಿ ಯಾರಾದರೂ ಕಟಕಟೆ ಹತ್ತಿಸಿ ಕೇಳಿದ್ದರೆ ಸರಿಯಾಗಿ ಇಷ್ಟನ್ನೇ ಹೇಳಿರುತ್ತಿದ್ದೆನಲ್ಲ ಎಂದು ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಗೊತ್ತಾಗಲಿಲ್ಲ.

ಶುಕ್ರವಾರ ರೈಲಿನಲ್ಲಿ ಹೊಂಬಾಳಮ್ಮ ಎದುರು ಸೀಟಿನಲ್ಲಿ ಕೂತಿದ್ದಳು. ಈ ಸಲ ಆಗೇ ಆಗುತ್ತದೆ ಎಂದು ಮೇಡಮ್ ಹೇಳಿದ್ದಾರೆ ಎಂದಳು. ಸಣ್ಣತಿಮ್ಮಯ್ಯ ಕಿಟಕಿಯ ಕಡೆ ಮುಖ ಮಾಡಿಕೊಂಡ. ಹುಷಾರಿಲ್ಲವಾ ಎಂದು ಕೇಳಿದಳು, ಹಾಗೇನಿಲ್ಲ ಎಂದ. ಅವಳು ಆಮೇಲೆ ಬಹಳ ಹೊತ್ತು ಅವನನ್ನೇ ನೋಡುತ್ತಿದ್ದಳು.

ಮೇಡಮ್ ಎಂದರೆ ಸರ್ಕಾರಿ ವಕೀಲೆ ಗಿರಿಜಾಂಬಿಕಾ. ಈ ಕೇಸಿಗೆ ಬಂದ ಐದನೆಯ ವಕೀಲೆ, ಮೊದಲ ನಾಲ್ವರಿಗಿಂತ ಚುರುಕು. ಕೋರ್ಟಿನ ಮೆಟ್ಟಿಲ ಹತ್ತಿರ ಅವನನ್ನು ಪಕ್ಕಕ್ಕೆ ಕರೆದು ಹೇಳಿಕೆ ಓದಿ ಹೇಳಿದರು. ನಾನೇ ಜೂನಿಯರುಗಳನ್ನು ಕಳಿಸಿ ಫೋಟೋ ತೆಗೆಸಿದ್ದೇನೆ, ಮೋಟಾರ್ ಮನೆಯಿಂದ ರಸ್ತೆ ಚೆನ್ನಾಗಿ ಕಾಣುತ್ತದೆ, ಯಾರೂ ನಿಮ್ಮನ್ನು ಅಲ್ಲಾಡಿಸಲಾರರು, ಇದರಲ್ಲಿರುವಷ್ಟು ಹೇಳಿ ಸಾಕು ಎಂದರು. ಬುಧವಾರ ಬಂದವರು ಇವರದೇ ಕಡೆಯವರು. ಬಲೆ ಯಾರೂ ಬೀಸಿರಲಿಲ್ಲ. ಅವನು ಹೂಂ ಎಂದರೆ ಸಾಕಿತ್ತು, ಆ ಹೂಂಗೆ ಎದುರು ಹೇಳುವ ಒಂದು ಕಲ್ಲೂ ಭೂಮಿಯ ಮೇಲೆ ಉಳಿದಿರಲಿಲ್ಲ. "ಮೇಡಮ್, ಒಂದ್ ಮಾತು ಹೇಳ್ಬೇಕಿತ್ತು" ಎಂದ. ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು.

ಕಟಕಟೆ ಹತ್ತಿ ಪ್ರಮಾಣ ಮಾಡುವಾಗ ಅವನಿಗೆ ಹೊಂಬಾಳಮ್ಮ ಕಂಡಳು, ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದಳು. ಈಚೆ ಮಲ್ಲಿಕಾರ್ಜುನಯ್ಯನವರು ಕೈಕಟ್ಟಿ ನಿಂತಿದ್ದರು, ತಲೆ ಪೂರ್ತಿ ನೆರೆತಿತ್ತು, ಫ್ಲೆಕ್ಸಿನಲ್ಲಿ ಕಾಣುವಷ್ಟು ದಪ್ಪ ಇರಲಿಲ್ಲ. ಇವರೇ ಓಡಿಸಿದ್ದು ಎಂದು ಅವನ ಮನಸ್ಸು ಈಗಲೂ ಹೇಳುತ್ತಿತ್ತು. ಆದರೆ ದೇವರ ಹೆಸರು ಹೇಳಿ ಬಾಯಲ್ಲಿ ಆಡಬೇಕಾದದ್ದು ಮನಸ್ಸು ಹೇಳಿದ್ದನ್ನಲ್ಲ. ಪಂಚೆಯವನು ಸ್ಟೇರಿಂಗಿನ ಕಡೆಯಿಂದ ಇಳಿದ, ಇಬ್ಬರೂ ಜಾಗ ಬದಲಾಯಿಸಿದರು, ಇದಿಷ್ಟು ಸಾಕಲ್ಲ, ಇದಕ್ಕಿಂತ ಇನ್ನೇನು ಬೇಕು ಎಂದು ಅವನು ಲೆಕ್ಕ ಹಾಕಿದ. ಅಲ್ಲೇ ಅವನು ಮೋಸಹೋದದ್ದು.

ಎಲ್ಲಿದ್ದಿರಿ ಎಂದು ಗಿರಿಜಾಂಬಿಕಾ ಕೇಳಿದಾಗ ಮರದ ಮೇಲಿದ್ದೆ ಎಂದ. ಅವರು ಕಾಗದದಿಂದ ತಲೆ ಎತ್ತಿದರು. ಕಾರಿನಿಂದ ಇಳಿದವರು ಯಾರು, ಈ ಕೋರ್ಟಿನಲ್ಲಿ ಇದ್ದಾರೆಯೇ ಎಂದು ಕೇಳಿದರು.

"ಮುಖ ಕಾಣ್ಲಿಲ್ಲ ಮೇಡಮ್. ಮೇಲಿಂದ ನೋಡಿದ್ರೆ ತಲೆ ಕಾಣುತ್ತೆ, ಪಂಚೆ ಕಾಣುತ್ತೆ. ಪಂಚೆ ಉಟ್ಟೋರು ಸ್ಟೇರಿಂಗ್ ಕಡೆಯಿಂದ ಇಳಿದ್ರು. ಅಷ್ಟು ಸತ್ಯವಾಗಿ ನೋಡಿದೀನಿ."

ಸಾಹೇಬರು ಒಳ್ಳೆಯವರು, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಮೆತ್ತಗೆ ಕೇಳಿದರು. ಅವನು ಕಟ್ಟಳೆಯ ವಿಷಯ ಹೇಳಿದ, ಬಚ್ಚಲು, ಕೂಗುವುದು, ಕಂಡದ್ದನ್ನು ಆಡದಿರುವುದು, ಎಲ್ಲವನ್ನೂ. ಹೇಳುತ್ತ ಹೋದಂತೆ ಅವನಿಗೇ ಅದು ಕಟ್ಟುಕತೆಯಂತೆ ಕೇಳಿಸಿತು. ಟೈಪು ಮಾಡುವವಳು ಸಾಹೇಬರು ಹೇಳಿದಂತೆ ಒಂದೇ ಸಾಲಿನಲ್ಲಿ ಬರೆದಳು: ತಾನು ಹಿಂದೆ ಪೊಲೀಸರ ಮುಂದೆ ಸುಳ್ಳು ಹೇಳಿದ್ದಾಗಿ ಸಾಕ್ಷಿ ಒಪ್ಪಿಕೊಂಡಿರುತ್ತಾನೆ.

ಗಿರಿಜಾಂಬಿಕಾ ಇವನನ್ನು ತಮಗೇ ತಿರುಗಿಬಿದ್ದ ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಬೇಕೆಂದು ಕೇಳಿಕೊಂಡರು. ಆಗ ಹೊಂಬಾಳಮ್ಮ ಹಿಂದಿನ ಬೆಂಚಿನಿಂದ ಎದ್ದು ಬಂದು ಅವರ ಕಿವಿಯಲ್ಲಿ ಏನೋ ಹೇಳಿ ಹೋದಳು. ಗಿರಿಜಾಂಬಿಕಾ ಸಣ್ಣತಿಮ್ಮಯ್ಯನ ಕಡೆ ತಿರುಗಿ, ನಿನ್ನೆ ಬೆಳಿಗ್ಗೆ ನೀವು ಆರೋಪಿಯ ತೋಟಕ್ಕೆ ಹೋಗಿದ್ದಿರಾ ಎಂದು ಕೇಳಿದರು. ಹೋಗಿದ್ದೆ ಎಂದ. ಅಲ್ಲಿಯ ಆಳಿನ ಜೊತೆ ಮಾತಾಡಿದಿರಾ? ಮಾತಾಡಿದೆ. ಅದಾದ ಮೇಲೆ ನಿಮಗೆ ಮುಖ ಕಾಣಿಸಲಿಲ್ಲ ಎಂದು ಜ್ಞಾಪಕಕ್ಕೆ ಬಂತು, ಅಲ್ಲವೇ? ಸಣ್ಣತಿಮ್ಮಯ್ಯ ಹೌದು ಎಂದ. ಬೇರೆ ದಾರಿಯಿರಲಿಲ್ಲ, ಅದೇ ನಿಜವಾಗಿತ್ತು.

ಎದುರು ವಕೀಲರಿಗೆ ಕೆಲಸವೇ ಉಳಿದಿರಲಿಲ್ಲ. ಕಾರಿನಲ್ಲಿ ಎಷ್ಟು ಜನ ಇದ್ದರು, ಎಷ್ಟು ಜನ ಪಂಚೆ ಉಟ್ಟಿದ್ದರು ಎಂದು ಕೇಳಿದರು. ಚಾವಣಿಯ ಕೆಳಗೆ ಎಷ್ಟಿದ್ದರೋ ಕಾಣಲಿಲ್ಲ ಎಂದ. ಸಾಕು ಎಂದು ಕೂತುಬಿಟ್ಟರು. ಮುಂದಿನ ಸಾಕ್ಷಿಗೆ ಮೂರು ತಿಂಗಳ ಮೇಲಿನ ತಾರೀಖು ಕೊಟ್ಟರು.

ಹೊರಗೆ ವರಾಂಡದಲ್ಲಿ ಜನ ತುಂಬಿತ್ತು. ಗಿರಿಜಾಂಬಿಕಾ ಅವನ ಮುಖ ನೋಡದೆ ದಾಟಿ ಹೋದರು. ಹಿಂದೆಯೇ ಮಲ್ಲಿಕಾರ್ಜುನಯ್ಯನವರು ಬಂದರು, ಅವನ ಎದುರು ನಿಂತು, ಎಲ್ಲರಿಗೂ ಕಾಣುವಂತೆ ಎರಡೂ ಕೈ ಜೋಡಿಸಿದರು. "ಒಳ್ಳೇದಾಗ್ಲಿ ಯಜಮಾನ್ರೇ. ನಿಜ ಹೇಳೋರು ಒಬ್ರಾದ್ರೂ ಸಿಕ್ರು" ಎಂದರು. ಆ ಕೈಗಳನ್ನು ತಳ್ಳಿಬಿಡಬೇಕೆನ್ನಿಸಿತು, ಆದರೆ ಅವನ ಕೈ ರೂಢಿಯಂತೆ ತಾನಾಗಿ ಮೇಲೆದ್ದು ಮುಗಿದುಬಿಟ್ಟಿತು.

ಹೊಂಬಾಳಮ್ಮ ಕಂಬದ ಪಕ್ಕ ನಿಂತು ನೋಡುತ್ತಿದ್ದಳು. ಅವನು ಹತ್ತಿರ ಹೋದ. ನನ್ನನ್ನು ಯಾರೂ ಬುಟ್ಟಿಗೆ ಹಾಕಿಕೊಂಡಿಲ್ಲ ಎಂದು ಹೇಳಹೊರಟವನು ಅರ್ಧಕ್ಕೇ ನಿಂತ. ಬೇರೆ ಯಾರಾದರೂ ಕೋರ್ಟಿನ ಬಾಗಿಲಲ್ಲಿ ಈ ಮಾತು ಹೇಳಿದ್ದರೆ, ಇವನು ಖಂಡಿತ ತನ್ನನ್ನು ಮಾರಿಕೊಂಡ ಮನುಷ್ಯ ಎಂದು ಮೊದಲು ಹೇಳುತ್ತಿದ್ದವನು ಅವನೇ.

ಅವಳ ಕಣ್ಣಿನಲ್ಲಿ ನೀರಿರಲಿಲ್ಲ. "ನಿನ್ನೆ ನೀನು ಆ ಗೇಟ್ ಒಳಗೆ ಹೋಗಿದ್ದನ್ನ ನಾನೇ ನೋಡ್ದೆ ತಿಮ್ಮಣ್ಣ" ಎಂದಳು. "ಒಂಬತ್ತು ವರ್ಷದಿಂದ ನಿನ್ನ ಹಿಂದೆ ಮುಂದೆ ನೋಡ್ಕೊಂಡೇ ಇವ್ನಿ. ಆದ್ರೂ ನಂಬಿದ್ದೆ."

"ಇಳ್ದಿದ್ದು ಪಂಚೆಯೋನು ಕಣಮ್ಮ, ಅದು ಸತ್ಯ. ಮುಖ ನೋಡಿಲ್ಲ, ಅದೂ ಸತ್ಯ."

"ನನ್ನ ಮಗಳನ್ನ ಪಂಚೆ ಕೊಂದಿಲ್ಲ" ಎಂದಳು ಹೊಂಬಾಳಮ್ಮ. "ಮುಖ ಕಂಡಿಲ್ಲ ಅಂತ ಅವತ್ತೇ ಹೇಳಿದ್ರೆ ನಾನು ಅತ್ತು ಸುಮ್ಮನಾಗ್ತಿದ್ದೆ. ಇಷ್ಟು ವರ್ಷ ಯಾಕೆ ನನ್ನ ಕರ್ಕೊಂಡು ತಿರುಗ್ದೆ?"

ಅವಳು ಮೆಟ್ಟಿಲಿಳಿದು, ಹೊರಗೆ ನಿಂತಿದ್ದ ಆ ಎದುರು ಪಕ್ಷದ ಹುಡುಗರ ಕಾರಿನ ಹತ್ತಿರ ಹೋದಳು. ಒಬ್ಬ ಬಾಗಿಲು ತೆಗೆದ, ಅವಳು ಹತ್ತಿ ಕೂತಳು.